ಸೇವೆ ಸಾಕು, ರೇಟು ಹೇಳಿ

ಕನ್ನಡದಲ್ಲಿ ಬ್ಲಾಗ್ ಬರೆದು ಬದುಕಬಹುದಾ ಅನ್ನೋ ಪ್ರಶ್ನೆ ಎತ್ತಿದರೆ ಎರಡು ಥರದವರು ಎದ್ದು ನಿಲ್ಲುತ್ತಾರೆ. ಮೊದಲನೆಯವರು ಯಾವುದೋ ವಿಡಿಯೋ ನೋಡಿ ಬಂದಿರುತ್ತಾರೆ. ಮನೆಯಲ್ಲೇ ಕೂತು ತಿಂಗಳಿಗೆ ಒಂದು ಲಕ್ಷ, ಮಲಗಿದ್ದಾಗಲೂ ಖಾತೆಗೆ ದುಡ್ಡು; ಕೆಲಸಕ್ಕೆ ಯಾವಾಗ ರಾಜೀನಾಮೆ ಕೊಡಲಿ ಅಂತ ಕೇಳುತ್ತಾರೆ. ಎರಡನೆಯವರು ಕೇಳುವುದಿಲ್ಲ, ಗದರಿಸುತ್ತಾರೆ. ‘ಬರೆಯೋದಕ್ಕೂ ದುಡ್ಡು ಕೇಳ್ತೀರಾ? ಕನ್ನಡದ ಸೇವೆ ಅಂತ ಮಾಡಬೇಕಪ್ಪ, ಇದು ವ್ಯಾಪಾರ ಅಲ್ಲ’ ಅನ್ನುತ್ತಾರೆ. ಮೊದಲನೆಯವರ ಆಸೆ ಸುಳ್ಳು. ಎರಡನೆಯವರ ಆದರ್ಶ ಅದಕ್ಕಿಂತ ದೊಡ್ಡ ಸುಳ್ಳು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿ ಸಾಕಾಗಿದೆ, ಅದಕ್ಕೇ ಇಬ್ಬರಿಗೂ ಒಟ್ಟಿಗೆ ಉತ್ತರ ಹೇಳಿಬಿಡುತ್ತೇನೆ.

ಮೊದಲು ಲಕ್ಷದ ಕನಸಿನವರು. ಜಾಹೀರಾತಿನ ದುಡ್ಡು ಹೇಗೆ ಬರುತ್ತೆ ಅಂತ ಗೊತ್ತಾದರೆ ಈ ಕನಸು ಅರ್ಧ ಅಲ್ಲೇ ಕರಗುತ್ತೆ. ನಿಮ್ಮ ಪುಟವನ್ನು ಯಾರಾದರೂ ತೆರೆದ ಕ್ಷಣದಲ್ಲೇ ಆ ಪುಟದ ಖಾಲಿ ಜಾಗಕ್ಕೆ ಹರಾಜು ನಡೆಯುತ್ತೆ. ಯಾವ ಕಂಪನಿ ಜಾಸ್ತಿ ಕೂಗುತ್ತೋ ಅದರ ಜಾಹೀರಾತು ಅಲ್ಲಿ ಬಂದು ಕೂರುತ್ತೆ. ಅಮೆರಿಕದಲ್ಲಿ ಕೂತು ವಿಮೆಯ ಬಗ್ಗೆ ಇಂಗ್ಲಿಷಿನಲ್ಲಿ ಓದುತ್ತಿರುವವನಿಗಾಗಿ ಕಂಪನಿಗಳು ಮುಗಿಬಿದ್ದು ಕೂಗುತ್ತವೆ. ಹಾವೇರಿಯಲ್ಲಿ ಕೂತು ಬೇಂದ್ರೆಯವರ ಬಗ್ಗೆ ಕನ್ನಡದಲ್ಲಿ ಓದುತ್ತಿರುವವರಿಗಾಗಿ ಕೂಗುವವರು ಕಡಿಮೆ. ಇದರಲ್ಲಿ ಬೇಂದ್ರೆಯವರ ತಪ್ಪೂ ಇಲ್ಲ, ಹಾವೇರಿಯವರ ತಪ್ಪೂ ಇಲ್ಲ. ಹರಾಜಿಗೆ ಬರಹದ ಬೆಲೆ ಗೊತ್ತಿಲ್ಲ, ಓದುವವರ ಜೇಬಿನ ಬೆಲೆ ಮಾತ್ರ ಗೊತ್ತು.

ಅದೂ ನಮಗೆ ತಡವಾಗಿ ಸಿಕ್ಕಿತು. ಗೂಗಲ್‌ನ ಆಡ್‌ಸೆನ್ಸ್ ಶುರುವಾದದ್ದು 2003ರಲ್ಲಿ. ಹಿಂದಿ ಪುಟಗಳಿಗೆ ಅದು ಬಾಗಿಲು ತೆರೆದದ್ದು 2014ರ ಕೊನೆಗೆ, ತಮಿಳಿಗೆ 2018ರಲ್ಲಿ. ಕನ್ನಡದ ಸರದಿ ಅದಕ್ಕೂ ಆಮೇಲೆ. ಸಂಪದ, ಕೆಂಡಸಂಪಿಗೆ, ಅವಧಿ ಅಂತ ನಾವೆಲ್ಲ ರಾತ್ರಿ ಎದ್ದು ಕೂತು ಓದುತ್ತಿದ್ದ ಕಾಲ ಇತ್ತಲ್ಲ, ಆಗ ಕನ್ನಡ ಅನ್ನೋ ಭಾಷೆ ಈ ಹರಾಜುಕಟ್ಟೆಯ ಪಟ್ಟಿಯಲ್ಲೇ ಇರಲಿಲ್ಲ. ಇಂಗ್ಲಿಷಿನವರು ಮನೆ ಕಟ್ಟಿ ಗೃಹಪ್ರವೇಶ ಮುಗಿಸುವ ಹೊತ್ತಿಗೆ ನಮಗೆ ಸೈಟೇ ಮಂಜೂರಾಗಿರಲಿಲ್ಲ ಅಂದ್ಕೊಳ್ಳಿ.

ಈಗ ಮಂಜೂರಾಗಿದೆಯಲ್ಲ, ಬರುತ್ತೆ ಎಷ್ಟು? ಪುಟದಿಂದ ಪುಟಕ್ಕೆ, ತಿಂಗಳಿಂದ ತಿಂಗಳಿಗೆ ಇದು ಬೇರೆ ಬೇರೆ. ಲೆಕ್ಕಕ್ಕೆ ಅಂತ ಸಾವಿರ ಸಲ ಪುಟ ತೆರೆದರೆ 40 ರೂಪಾಯಿ ಅಂತಿಟ್ಟುಕೊಳ್ಳೋಣ. ಬೆಂಗಳೂರಿನಲ್ಲಿ ಒಂದು ಸಣ್ಣ ಮನೆಯ ಬಾಡಿಗೆ, ದಿನಸಿ, ಬಸ್ ಪಾಸು, ಊರಿನಲ್ಲಿರುವ ಅಪ್ಪ ಅಮ್ಮನ ಔಷಧಿ, ಇಷ್ಟಕ್ಕೆ ತಿಂಗಳಿಗೆ 40 ಸಾವಿರ ಬೇಕು ಅನ್ನಿ. ಅಂದರೆ ತಿಂಗಳಿಗೆ 10 ಲಕ್ಷ ಸಲ, ದಿನಕ್ಕೆ 33 ಸಾವಿರ ಸಲ ನಿಮ್ಮ ಪುಟ ತೆರೆಯಬೇಕು. ನನ್ನ ಬ್ಲಾಗಿನ ಒಂದು ಬರಹವನ್ನು ಎರಡು ಸಾವಿರ ಜನ ಓದಿದರೆ ನಮ್ಮ ಮನೆಯಲ್ಲಿ ಅವತ್ತು ಪಾಯಸ. ಸಾಲದ್ದಕ್ಕೆ, ಖಾತೆಯಲ್ಲಿ 100 ಡಾಲರ್ ಸೇರುವ ತನಕ ಆ ದುಡ್ಡು ಕೈಗೆ ಬರೋದೂ ಇಲ್ಲ. ಎಷ್ಟೋ ಜನರ ಖಾತೆ ಇಪ್ಪತ್ತೋ ಮೂವತ್ತೋ ಡಾಲರಿನ ಹತ್ತಿರ ಬಂದು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿರುತ್ತೆ.

ದಿನಕ್ಕೆ 33 ಸಾವಿರ ಸಲ ತೆರೆಸುವ ದಾರಿ ಇಲ್ಲವೇ ಅಂದರೆ ಇದೆ. ಅದನ್ನು ನೀವು ದಿನಾ ನೋಡ್ತಾನೇ ಇದ್ದೀರಿ. ‘ರೇಷನ್ ಕಾರ್ಡ್ ಇದ್ದವರಿಗೆ ಬೆಳ್ಳಂಬೆಳಗ್ಗೆ ಗುಡ್ ನ್ಯೂಸ್.’ ‘ಚಿನ್ನದ ಬೆಲೆಯಲ್ಲಿ ಭಾರೀ ಇಳಿಕೆ, ಮುಗಿಬಿದ್ದ ಜನ.’ ‘ಈ ಒಂದು ವಸ್ತು ಮನೆಯಲ್ಲಿದ್ದರೆ ಈಗಲೇ ತೆಗೆಯಿರಿ.’ ಒಳಗೆ ಹೋದರೆ ಸುದ್ದಿ ಒಂದು ಸಾಲು, ಜಾಹೀರಾತು ಹನ್ನೊಂದು. ಆ ಒಂದು ಸಾಲು ಕೂಡ ಬೇರೆ ಯಾರೋ ಬರೆದದ್ದು. ಇದನ್ನು ಬರೆಯುವ ಹುಡುಗರನ್ನು ನಾನು ಬೈಯುವುದಿಲ್ಲ. ಹರಾಜು ಏನು ಕೇಳುತ್ತೋ ಅದನ್ನು ಅವರು ಬೆಳೆಯುತ್ತಿದ್ದಾರೆ, ಅಷ್ಟೇ. ಆದರೆ ಜಾಹೀರಾತು ನಂಬಿ ಕನ್ನಡ ಬ್ಲಾಗ್ ಬದುಕಬೇಕು ಎಂದರೆ ಅದು ಬೆಳೆಯುವುದು ಇದೇ ಬೆಳೆಯನ್ನು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ಇದಕ್ಕೋಸ್ಕರವಾ ನೀವು ಕೆಲಸ ಬಿಡಬೇಕು ಅಂತಿರೋದು?

ಇನ್ನು ಆ ಲಕ್ಷದ ವಿಡಿಯೋ ಮಾಡುವವರು. ಅವರ ಬ್ಲಾಗ್ ಯಾವುದು, ಅದರಲ್ಲಿ ಏನಿದೆ ಅಂತ ಒಂದು ಸಲ ಹುಡುಕಿ ನೋಡಿ. ಬಹಳ ಸಲ ಅಲ್ಲಿರೋದು ಬ್ಲಾಗಿನಿಂದ ದುಡ್ಡು ಮಾಡುವುದು ಹೇಗೆ ಅನ್ನೋ ಬ್ಲಾಗು. ಕೊನೆಗೆ ಒಂದು ಕೋರ್ಸು, ಇವತ್ತು ರಾತ್ರಿ ಹನ್ನೆರಡರ ತನಕ ಮಾತ್ರ ರಿಯಾಯಿತಿ. ಇವರ ಸಂಪಾದನೆ ಬರಹದಿಂದ ಬಂದದ್ದಲ್ಲ, ನಿಮ್ಮ ಆಸೆಯಿಂದ ಬಂದದ್ದು.

ಪ್ರಾಯೋಜಿತ ಬರಹ ಅಂತ ಇನ್ನೊಂದು ದಾರಿ ಇದೆ. ಲೇಔಟಿನವರು, ಹೋಮ್‌ಸ್ಟೇನವರು, ಸಾಲದ ಆಪ್‌ನವರು ದುಡ್ಡು ಕೊಟ್ಟು ತಮ್ಮ ಬಗ್ಗೆ ಬರೆಸುತ್ತಾರೆ. ದುಡ್ಡು ತಗೊಂಡು ಬರೆದದ್ದನ್ನು ಜಾಹೀರಾತು ಅಂತ ಸ್ಪಷ್ಟವಾಗಿ ಹೇಳಬೇಕು ಅನ್ನೋ ನಿಯಮವನ್ನು ನಮ್ಮ ಜಾಹೀರಾತು ಮಾನದಂಡ ಮಂಡಳಿ 2021ರ ಜೂನ್‌ನಿಂದ ತಂದಿದೆ. ಪಾಲಿಸುವವರು ಪಾಲಿಸುತ್ತಾರೆ. ನನ್ನ ತಕರಾರು ನಿಯಮದ್ದಲ್ಲ. ಕೆರೆ ಒತ್ತುವರಿಯ ಬಗ್ಗೆ ಬರೆಯುವವನ ಬಾಡಿಗೆಯನ್ನು ಲೇಔಟಿನವರು ಕಟ್ಟಿದರೆ ಮುಂದಿನ ತಿಂಗಳು ಅವನು ಯಾವ ಕೆರೆಯ ಬಗ್ಗೆ ಬರೆಯುತ್ತಾನೆ? ಸುಳ್ಳು ಬರೆಯಬೇಕಾಗಿಲ್ಲ. ಸುಮ್ಮನಿದ್ದರೆ ಸಾಕು. ಆ ಸುಮ್ಮನಿರುವುದಕ್ಕೆ ಯಾವ ನಿಯಮವೂ ಇಲ್ಲ.

ಸರಿ, ಈಗ ಸೇವೆಯವರ ಹತ್ತಿರ ಬರೋಣ. ಇವರ ಮೇಲೆ ನನಗೆ ಸಿಟ್ಟು ಜಾಸ್ತಿ, ಯಾಕಂದರೆ ಇವರ ಮಾತು ಕೇಳೋಕೆ ಚೆನ್ನಾಗಿರುತ್ತೆ.

ಯಾವುದಾದರೂ ರಾಜ್ಯೋತ್ಸವ ಕಾರ್ಯಕ್ರಮದ ಖರ್ಚಿನ ಪಟ್ಟಿ ತೆಗೆದು ನೋಡಿ. ಶಾಮಿಯಾನದವರಿಗೆ ದುಡ್ಡು. ಮೈಕ್ ಸೆಟ್‌ನವರಿಗೆ ದುಡ್ಡು. ಫ್ಲೆಕ್ಸ್‌ಗೆ, ಊಟದವರಿಗೆ, ಆರ್ಕೆಸ್ಟ್ರಾದವರಿಗೆ ದುಡ್ಡು. ಯಾರಿಗೂ ‘ಕನ್ನಡದ ಕೆಲಸ, ಪುಕ್ಕಟೆ ಮಾಡ್ಕೊಡಿ’ ಅನ್ನುವ ಧೈರ್ಯ ಇಲ್ಲ. ಅಂದರೆ ಮೈಕ್ ಸೆಟ್‌ನವರು ಆಗಲೇ ಮೈಕು ಬಿಚ್ಚಿಕೊಂಡು ಹೋಗ್ತಾರೆ. ಆ ಮೈಕಿನಲ್ಲಿ ಮಾತಾಡಲು ಕರೆದ ಬರಹಗಾರರಿಗೆ ಮಾತ್ರ ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಆಟೋ ಚಾರ್ಜು ಅವರದೇ. ಶಾಲು ಕೊಟ್ಟು ಬಾಡಿಗೆ ತೀರಿಸೋಕೆ ಆಗಲ್ಲ ಸ್ವಾಮಿ, ಮನೆ ಓನರ್ ತಗೊಳಲ್ಲ. ಸೇವೆ ಅನ್ನೋ ಪದ ಇಲ್ಲಿ ಮಾಡುತ್ತಿರುವ ಕೆಲಸ ಒಂದೇ: ಯಾರಿಗೆ ಕೊಡದಿದ್ದರೂ ನಡೆಯುತ್ತೆ ಅಂತ ಗುರುತಿಸೋದು.

ಹಿಂದಿನವರು ದುಡ್ಡಿಗೆ ಬರೆದರಾ ಅಂತ ಕೇಳ್ತಾರೆ. ಹಿಂದಿನವರಿಂದಲೇ ಶುರು ಮಾಡೋಣ. ಆದಿಕವಿ ಪಂಪನಿಗೆ ಅರಿಕೇಸರಿ ಧರ್ಮಪುರ ಅನ್ನೋ ಅಗ್ರಹಾರ ಕೊಟ್ಟ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು. ಅಚ್ಚಿನ ಯಂತ್ರ ಇಲ್ಲದ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಓಲೆಗರಿ, ಎಷ್ಟು ಜನ ಲಿಪಿಕಾರರು, ಅವರೆಲ್ಲರಿಗೆ ಎಷ್ಟು ತಿಂಗಳ ಊಟ! ತಗೊಂಡವರಿಗೆ ಪುಕ್ಕಟೆ. ಆದರೆ ಕಾವ್ಯ ಪುಕ್ಕಟೆ ಆಗಲಿಲ್ಲ, ಅತ್ತಿಮಬ್ಬೆ ಕೊಟ್ಟಳು.

ರಾಜರು ಹೋದ ಮೇಲೆ ಓದುಗರು ಕೊಟ್ಟರು. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಅದನ್ನು ನಾವು ಇವತ್ತು ಹೆಮ್ಮೆಯಿಂದ ಹೇಳ್ತೀವಿ, ಆದರೆ ‘ಮಾರಿದರು’ ಅನ್ನೋ ಕ್ರಿಯಾಪದವನ್ನು ಮರೀತೀವಿ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದ ಮೇಲೆ ಬೆಳೆಯಿತು. ಮೊದಲೇ ಹಣ ಕಟ್ಟಿ, ಬರುವ ಪುಸ್ತಕಕ್ಕೆ ಕಾಯುತ್ತಿದ್ದ ಓದುಗರು ಅವರು. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತನ್ನೇ ಹಾಕಿಕೊಳ್ಳದೆ ನಡೆಯಿತು. ಗೂಡಂಗಡಿಯಲ್ಲಿ ಓದುಗ ಕೊಟ್ಟ ಚಿಲ್ಲರೆಯೇ ಅದರ ಬಂಡವಾಳ. ಮುಖ್ಯಮಂತ್ರಿಗಳಿಗೆ ಆ ಪತ್ರಿಕೆಯ ಬಗ್ಗೆ ಭಯ ಇದ್ದದ್ದು ಲಂಕೇಶರ ಗದ್ಯದಿಂದ ಮಾತ್ರ ಅಲ್ಲ, ಅವರ ಲೆಕ್ಕದ ಪುಸ್ತಕದಿಂದಲೂ. ಜಾಹೀರಾತು ನಿಲ್ಲಿಸ್ತೀವಿ ಅಂತ ಹೆದರಿಸಲು ಅಲ್ಲಿ ಜಾಹೀರಾತೇ ಇರಲಿಲ್ಲ.

ಬರಹದಿಂದ ಏನೂ ಕೇಳದ ಹಿರಿಯರೂ ಇದ್ದರು, ನಿಜ. ಆದರೆ ಮಾಸ್ತಿಯವರಿಗೆ ಸರ್ಕಾರಿ ಹುದ್ದೆ ಇತ್ತು, ಕುವೆಂಪು ಅವರಿಗೆ ವಿಶ್ವವಿದ್ಯಾಲಯದ ಸಂಬಳ ಇತ್ತು, ತೇಜಸ್ವಿಯವರಿಗೆ ಮೂಡಿಗೆರೆಯಲ್ಲಿ ಕಾಫಿ ತೋಟ ಇತ್ತು. ಪೆನ್ನನ್ನೇ ನಂಬಿ ಬದುಕಲು ಹೊರಟ ಅನಕೃ ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಎಲ್ಲ ಬರಹಕ್ಕೂ ಒಂದು ಹೊಟ್ಟೆ ಇದೆ, ಆ ಹೊಟ್ಟೆಗೆ ಎಲ್ಲಿಂದಲೋ ಅನ್ನ ಬಂದಿದೆ. ಎಲ್ಲಿಂದ ಬಂತು ಅನ್ನೋದನ್ನು ಮುಚ್ಚಿಟ್ಟು ಬರೀ ತ್ಯಾಗದ ಕತೆ ಹೇಳಿದರೆ, ಸರ್ಕಾರಿ ಹುದ್ದೆಯೂ ಕಾಫಿ ತೋಟವೂ ಇಲ್ಲದ ಇಪ್ಪತ್ತೈದರ ಹುಡುಗಿಗೆ ನಾವು ಮೋಸ ಮಾಡಿದ ಹಾಗೆ.

ನಮ್ಮ ಕುಂದಾಪುರದ ಕಡೆ ಹರಕೆ ಆಟ ಅಂತ ಇದೆ. ಗದ್ದೆಯಲ್ಲಿ ರಾತ್ರಿ ಯಕ್ಷಗಾನ, ಟಿಕೆಟ್ ಇಲ್ಲ, ಯಾರು ಬೇಕಾದರೂ ಬಂದು ಚಾಪೆ ಹಾಸಿ ಕೂತು ನೋಡಬಹುದು. ಆದರೆ ಆ ಆಟ ಪುಕ್ಕಟೆಯದಲ್ಲ. ಹರಕೆ ಹೊತ್ತ ಮನೆಯವರು ಮೇಳಕ್ಕೆ ವೀಳ್ಯ ಕೊಟ್ಟಿರುತ್ತಾರೆ. ಭಾಗವತರಿಗೆ, ಚೆಂಡೆಯವರಿಗೆ, ಸ್ತ್ರೀವೇಷದವರಿಗೆ, ಪೆಟ್ಟಿಗೆ ಹೊರುವವರಿಗೆ ಎಲ್ಲರಿಗೂ ಸಂಬಳ ಅಂತ ಇರುತ್ತೆ. ಒಂದು ಮನೆ ಕೊಟ್ಟದ್ದಕ್ಕೆ ಊರೆಲ್ಲ ನೋಡುತ್ತೆ. ವೇಷಧಾರಿಗೆ ‘ಕಲೆಯ ಸೇವೆ ಮಾರಾಯ್ರೆ, ಸಂಬಳ ಯಾಕೆ’ ಅಂತ ಹೇಳುವ ಮರ್ಯಾದೆಗೇಡಿ ಆ ಊರಿನಲ್ಲಿ ಹುಟ್ಟಿಲ್ಲ. ಪುಕ್ಕಟೆ ಅಂದರೆ ಬೇರೆ ಯಾರೋ ಕೊಟ್ಟಿದ್ದಾರೆ ಅಂತ ಅರ್ಥ. ಪ್ರಶ್ನೆ ಇರೋದು ಯಾರು ಕೊಟ್ಟರು ಅನ್ನೋದರಲ್ಲಿ.

ಹಾಗಾದರೆ ಇವತ್ತು ನೀವು ಪುಕ್ಕಟೆ ಓದುತ್ತಿರುವ ಕನ್ನಡ ಬ್ಲಾಗುಗಳಿಗೆ ವೀಳ್ಯ ಕೊಟ್ಟವರು ಯಾರು? ನನ್ನ ವಿಷಯದಲ್ಲಿ ಹೊರವರ್ತುಲ ರಸ್ತೆಯ ಒಂದು ಸಾಫ್ಟ್‌ವೇರ್ ಕಂಪನಿ. ಅದಕ್ಕೆ ಗೊತ್ತಿಲ್ಲ ಅಷ್ಟೇ. ಭಾನುವಾರದ ಬಟ್ಟೆ, ಪಾತ್ರೆ, ಮಗುವಿನ ಹೋಮ್‌ವರ್ಕ್ ಎಲ್ಲ ತಾನೇ ನೋಡಿಕೊಂಡು ನನ್ನನ್ನು ಬರೆಯಲು ಬಿಡುವ ನನ್ನ ಹೆಂಡತಿ ಕೂಡ ಕೊಡುತ್ತಿದ್ದಾಳೆ. ಇದರಿಂದ ಏನಾಗಿದೆ ನೋಡಿ. ಕನ್ನಡ ಬ್ಲಾಗುಗಳನ್ನು ಬರೆಯುವವರಲ್ಲಿ ಬಹಳಷ್ಟು ಜನ ನನ್ನಂಥವರು: ತಿಂಗಳ ಕೊನೆಗೆ ಸಂಬಳ ಬರುವವರು, ಎರಡು ದಿನ ರಜೆ ಇರುವವರು. ನಾವು ಬರೆಯೋದೂ ರಜೆಯಲ್ಲಿ ಬರೆಯಬಹುದಾದದ್ದನ್ನೇ. ಬಾಲ್ಯದ ನೆನಪು, ಸಿನಿಮಾ, ಟ್ರಾಫಿಕ್ಕು, ಅಜ್ಜಿ ಮಾಡುತ್ತಿದ್ದ ಪತ್ರೊಡೆ. ಕೆರೆ ಒತ್ತುವರಿಯ ಕಡತ ನೋಡಲು ತಾಲ್ಲೂಕು ಕಚೇರಿಗೆ ಹದಿನೈದು ದಿನ ಅಲೆದು ಬರೆಯಬೇಕಾದ ಬರಹ ನಮ್ಮಿಂದ ಬರೋದಿಲ್ಲ. ಭಾನುವಾರ ತಾಲ್ಲೂಕು ಕಚೇರಿ ತೆರೆದಿರಲ್ಲ.

ದಾವಣಗೆರೆ ಕಡೆಯ ನನ್ನ ಗೆಳತಿಯೊಬ್ಬಳು ಅಂಥದ್ದನ್ನು ಬರೆಯುತ್ತಿದ್ದಳು. ಬಸ್ ಹಿಡಿದು ಹೋಗಿ, ಸರ್ಕಾರಿ ಆಸ್ಪತ್ರೆಗಳ ಹೆರಿಗೆ ವಾರ್ಡಿನ ಹೊರಗೆ ಕೂತು, ಅಲ್ಲಿಗೆ ಬರುವ ಹೆಂಗಸರ ಜೊತೆ ಮಾತಾಡಿ ಬರೆದ ಬರಹಗಳು. ಓದಿದವರೆಲ್ಲ ಕಣ್ಣೊರೆಸಿಕೊಂಡು ಹಂಚಿದರು. ‘ನಿಮ್ಮ ಸೇವೆ ಹೀಗೇ ಮುಂದುವರಿಯಲಿ’ ಅಂದರು. ಬಸ್ ಚಾರ್ಜು ಎಷ್ಟಾಯಿತು ಅಂತ ಒಬ್ಬರೂ ಕೇಳಲಿಲ್ಲ. ಒಂದೂವರೆ ವರ್ಷಕ್ಕೆ ಅದು ನಿಂತಿತು. ಈಗ ಅವಳು ಪದಕ್ಕೆ ಒಂದು ರೂಪಾಯಿಯ ಹಾಗೆ ಚಿನ್ನದ ಸಾಲದ ಜಾಹೀರಾತುಗಳನ್ನು ಕನ್ನಡಕ್ಕೆ ಅನುವಾದ ಮಾಡುತ್ತಾಳೆ. ಅದೇ ಕೈ, ಅದೇ ಕನ್ನಡ. ಸಾಲದ ಕಂಪನಿಗೆ ಅವಳ ಕನ್ನಡದ ರೇಟು ಗೊತ್ತಿದೆ, ಕನ್ನಡಾಭಿಮಾನಿಗಳಿಗೆ ಗೊತ್ತಿಲ್ಲ.

ನನಗೂ ಒಂದು ಅನುಭವ ಇದೆ. ಒಂದು ದೊಡ್ಡ ಸುದ್ದಿ ಜಾಲತಾಣದವರು, ಹೆಸರು ಬೇಡ, ವಾರಕ್ಕೊಂದು ಅಂಕಣ ಬರೆಯಿರಿ ಅಂತ ಕರೆದರು. ಸಂಭಾವನೆ ಎಷ್ಟು ಅಂತ ಕೇಳಿದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, ‘ಸಾರ್, ನಿಮಗೆ ಒಳ್ಳೆ ಎಕ್ಸ್‌ಪೋಶರ್ ಸಿಗುತ್ತೆ’ ಅಂದರು. ನನಗೆ ಬೇಜಾರಾದದ್ದು ದುಡ್ಡಿಲ್ಲ ಅಂದದ್ದಕ್ಕಲ್ಲ. ನನ್ನ ಬರಹದ ಸುತ್ತ ಅವರು ಜಾಹೀರಾತು ಹಾಕಿ ಸಂಪಾದಿಸುತ್ತಾರೆ, ಆ ಆಫೀಸಿನಲ್ಲಿ ಸಹಿ ಮಾಡುವ ಪ್ರತಿಯೊಬ್ಬರಿಗೂ ಸಂಬಳ ಇದೆ, ಕಾಫಿ ತಂದುಕೊಡುವವರಿಗೂ ಇದೆ. ಬರೆಯುವವನಿಗೆ ಮಾತ್ರ ಸೇವೆ. ನಾನು ಆಗಲ್ಲ ಅಂದೆ. ಸಂಬಳ ಬರುವ ನನ್ನಂಥವನು ‘ಪರವಾಗಿಲ್ಲ ಬಿಡಿ’ ಅಂತ ಪುಕ್ಕಟೆ ಬರೆದುಕೊಟ್ಟಾಗೆಲ್ಲ, ಅದನ್ನೇ ನಂಬಿ ಬದುಕಬೇಕಾದ ಇನ್ನೊಬ್ಬರ ರೇಟು ಸೊನ್ನೆಗೆ ಇಳಿಯುತ್ತೆ.

‘ಕನ್ನಡದವರು ದುಡ್ಡು ಕೊಡಲ್ಲ ಬಿಡಿ’ ಅಂತ ಹೇಳೋದು ಒಂದು ಚಟ ಆಗಿದೆ. ಪವನ್ ಕುಮಾರ್ ಅವರ ‘ಲೂಸಿಯಾ’ ನೆನಪಿದೆಯಾ? 2013ರಲ್ಲಿ ಬಿಡುಗಡೆಯಾದ ಸಿನಿಮಾ. ನಿರ್ಮಾಪಕರು ಸಿಗದಿದ್ದಾಗ ಅವರು ತಮ್ಮ ಬ್ಲಾಗಿನಲ್ಲಿ ಕಷ್ಟ ಬರೆದುಕೊಂಡರು. ಓದಿದ ಜನ ದುಡ್ಡು ಹಾಕಿದರು. ಸುಮಾರು ಅರ್ಧ ಕೋಟಿ ರೂಪಾಯಿ ಹಾಗೆ ಸೇರಿತು, ಸಿನಿಮಾ ಆಯಿತು. ಕನ್ನಡದವರ ಜೇಬಿನಲ್ಲಿ ದುಡ್ಡೂ ಇದೆ, ಕೊಡುವ ಮನಸ್ಸೂ ಇದೆ. ಕೇಳುವವರು ಇಲ್ಲ. ಕೇಳಲು ನಾಚಿಕೆ ಆಗುವ ಹಾಗೆ ಸೇವೆಯವರು ನಮ್ಮನ್ನು ಬೆಳೆಸಿದ್ದಾರೆ.

ಈಗ ಮತ್ತೆ ಲೆಕ್ಕಕ್ಕೆ ಬರೋಣ. ಕೆವಿನ್ ಕೆಲ್ಲಿ ಅನ್ನೋ ಅಮೆರಿಕದ ಬರಹಗಾರ 2008ರಲ್ಲಿ ಒಂದು ಮಾತು ಹೇಳಿದ. ಕಲಾವಿದನಿಗೆ ಲಕ್ಷಾಂತರ ಜನ ಬೇಡ, ವರ್ಷಕ್ಕೆ 100 ಡಾಲರ್ ಖರ್ಚು ಮಾಡುವ ಸಾವಿರ ಜನ ನಿಜವಾದ ಅಭಿಮಾನಿಗಳು ಸಾಕು ಅಂತ. ಅಮೆರಿಕದ ಅಂಕಿ ನಮಗೆ ಬೇಡ, ಆ ಯೋಚನೆ ಮಾತ್ರ ತಗೊಳ್ಳಿ. ತಿಂಗಳಿಗೆ 50 ರೂಪಾಯಿ ಕೊಡುವ 800 ಜನ ಇದ್ದರೆ 40 ಸಾವಿರ. ವರ್ಷಕ್ಕೆ ಒಬ್ಬರಿಗೆ ಬೀಳೋದು 600 ರೂಪಾಯಿ. ಮಾಲ್‌ನಲ್ಲಿ ಇಬ್ಬರು ಹೋಗಿ ಒಂದು ಸಿನಿಮಾ ನೋಡಿ ಪಾಪ್‌ಕಾರ್ನ್ ತಿಂದರೆ ಅದಕ್ಕಿಂತ ಜಾಸ್ತಿ ಆಗುತ್ತೆ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಅಂದವರು ಸುಮಾರು 4 ಕೋಟಿ 37 ಲಕ್ಷ. 800 ಅಂದರೆ 54 ಸಾವಿರ ಜನರಲ್ಲಿ ಒಬ್ಬರು. ಜಾಹೀರಾತಿನ ದಾರಿಯಲ್ಲಿ ಇದೇ ದುಡ್ಡಿಗೆ 10 ಲಕ್ಷ ಸಲ ಪುಟ ತೆರೆಸಬೇಕಿತ್ತು, ಈ ದಾರಿಯಲ್ಲಿ 800 ಜನರ ನಂಬಿಕೆ ಉಳಿಸಿಕೊಂಡರೆ ಸಾಕು.

ಅಷ್ಟು ಸುಲಭ ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳಿದರೆ ನನಗೂ ಆ ಕೋರ್ಸ್ ಮಾರುವವರಿಗೂ ವ್ಯತ್ಯಾಸ ಇರಲ್ಲ. ತಪ್ಪದೆ ಓದುವ ನೂರು ಜನರಲ್ಲಿ ನಾಲ್ಕು ಜನ ದುಡ್ಡು ಕೊಡ್ತಾರೆ ಅಂತಿಟ್ಟುಕೊಳ್ಳಿ. 800 ಜನ ಕೊಡಬೇಕಾದರೆ 20 ಸಾವಿರ ಜನ ಕಾಯಂ ಓದುಗರು ಬೇಕು. ಕನ್ನಡದಲ್ಲಿ ಇದು ದೊಡ್ಡ ಸಂಖ್ಯೆ. ನಿಮಗೆ ಮೂರು ಸಾವಿರ ಓದುಗರಿದ್ದರೆ 120 ಜನ ಕೊಡ್ತಾರೆ, ತಿಂಗಳಿಗೆ 6 ಸಾವಿರ. ಅದರಲ್ಲಿ ಬದುಕೋಕೆ ಆಗಲ್ಲ. ಆದರೆ ದಾವಣಗೆರೆಯ ಆ ಗೆಳತಿಗೆ ತಿಂಗಳಿಗೆ 6 ಸಾವಿರ ಬಂದಿದ್ದರೆ ಬಸ್ ಚಾರ್ಜು, ಊಟ, ಫೋನ್ ಬಿಲ್ಲು ಕಳೆದು ಸ್ವಲ್ಪ ಉಳಿಯುತ್ತಿತ್ತು. ಬರಹ ನಿಲ್ಲುತ್ತಿರಲಿಲ್ಲ.

ಹಾಗಾಗಿ ಬ್ಲಾಗಿನಿಂದ ಬದುಕುವ ಪ್ಲಾನ್ ಮಾಡುವವರಿಗೆ ನನ್ನದು ನಾಲ್ಕು ಮಾತು. ಒಂದು, ಸ್ವಂತ ವಿಳಾಸ ಮಾಡಿಕೊಳ್ಳಿ. ಆರ್ಕುಟ್ 2014ರಲ್ಲಿ ಮುಚ್ಚಿತು, ಅಲ್ಲಿದ್ದ ಕನ್ನಡದ ಗುಂಪುಗಳು ಅದರ ಜೊತೆಗೇ ಹೋದವು. ಗೂಗಲ್ ರೀಡರ್ 2013ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ ಹೋದವು. ಫೇಸ್‌ಬುಕ್ಕಿನಲ್ಲಿ ಹತ್ತು ಸಾವಿರ ಫಾಲೋವರ್ಸ್ ಇದ್ದಾರೆ ಅಂದರೆ ಅವರು ಫೇಸ್‌ಬುಕ್ಕಿನ ಗಿರಾಕಿಗಳು, ನಿಮ್ಮವರಲ್ಲ. ಬಾಡಿಗೆ ಮನೆಯ ಅಂಗಳದಲ್ಲಿ ತೆಂಗಿನಸಸಿ ನೆಟ್ಟ ಹಾಗೆ, ಕಾಯಿ ಬಿಡುವ ಹೊತ್ತಿಗೆ ಓನರ್ ಖಾಲಿ ಮಾಡಿ ಅನ್ನಬಹುದು. ಒಂದು ಡೊಮೇನ್ ಕೊಳ್ಳಿ, ಓದುಗರ ಇಮೇಲ್ ವಿಳಾಸಗಳ ಪಟ್ಟಿ ನಿಮ್ಮ ಕೈಯಲ್ಲಿರಲಿ.

ಎರಡು, ದಿನ ತಪ್ಪಬೇಡಿ. ಪ್ರತಿ ಗುರುವಾರ ಅಂದರೆ ಪ್ರತಿ ಗುರುವಾರ. ಹಾಲಿನವನು ಮೂಡ್ ಬಂದಾಗ ಹಾಲು ಹಾಕಿದರೆ ತಿಂಗಳ ಕೊನೆಗೆ ನೀವು ದುಡ್ಡು ಕೊಡ್ತೀರಾ? ಆರು ತಿಂಗಳು ಹೀಗೆ ಬರೆದು ಆಮೇಲೆ ರೇಟು ಹೇಳಿ. ಬಾಯಿಬಿಟ್ಟು, ಅಂಕಿಯಲ್ಲಿ ಹೇಳಿ. ‘ನಿಮಗೆ ತೋಚಿದಷ್ಟು ಕೊಡಿ’ ಅಂತ ಬರೆಯಬೇಡಿ, ಅದು ಕಾಣಿಕೆ ಡಬ್ಬಿ. ‘ಒಂದು ಬರಹಕ್ಕೆ ನನಗೆ ಹತ್ತು ಗಂಟೆ ಹಿಡಿಯುತ್ತೆ, ಪ್ರಯಾಣಕ್ಕೆ ಇಷ್ಟು ಖರ್ಚಾಗುತ್ತೆ, ತಿಂಗಳಿಗೆ 50 ರೂಪಾಯಿ ಕೊಡಿ’ ಅಂತ ಬರೆಯಿರಿ. ಬೀಗ ಹಾಕಬೇಡಿ. ಹರಕೆ ಆಟದ ಹಾಗೆ ಕೊಡುವವರು ಕೊಡಲಿ, ಕೊಡಲಾಗದ ವಿದ್ಯಾರ್ಥಿಯೂ ಚಾಪೆ ಹಾಸಿ ಕೂತು ಓದಲಿ. ತಿಂಗಳ ಕೊನೆಗೆ ಎಷ್ಟು ಬಂತು, ಎಲ್ಲಿಗೆ ಹೋಯಿತು ಅಂತ ಲೆಕ್ಕ ಪ್ರಕಟಿಸಿ. ಲೆಕ್ಕ ಕಂಡರೆ ಜನ ನಂಬುತ್ತಾರೆ, ನಂಬಿದರೆ ಉಳಿಯುತ್ತಾರೆ.

ಮೂರು, ಒಂದೇ ಕಂಬದ ಮೇಲೆ ಮಾಡು ಹೊದಿಸಬೇಡಿ. ಬರಹಗಳು ಪುಸ್ತಕ ಆಗಲಿ, ಆದರೆ ಪುಸ್ತಕದಿಂದ ಮನೆ ನಡೆಯುತ್ತೆ ಅಂದ್ಕೋಬೇಡಿ. 200 ರೂಪಾಯಿಯ ಪುಸ್ತಕ, ಸಾವಿರ ಪ್ರತಿ, ನೂರಕ್ಕೆ ಹತ್ತರಂತೆ ರಾಯಧನ ಅಂದರೆ ಎಲ್ಲ ಪ್ರತಿ ಖರ್ಚಾದ ಮೇಲೆ ನಿಮಗೆ 20 ಸಾವಿರ. ಅದೂ ಒಂದೇ ಸಲ. ಅನುವಾದ, ಬರವಣಿಗೆ ಕಮ್ಮಟ, ಬೇರೆಯವರ ಪುಸ್ತಕ ತಿದ್ದಿಕೊಡುವ ಕೆಲಸ, ಇವೆಲ್ಲಕ್ಕೂ ಬ್ಲಾಗ್ ನಿಮ್ಮ ಅಂಗಡಿಯ ಬೋರ್ಡು. ನಾಲ್ಕನೆಯದು, ಕೆಲಸ ಬಿಡುವ ದಿನ. ಸತತ ಹನ್ನೆರಡು ತಿಂಗಳು ಬರಹದ ದುಡ್ಡಿನಲ್ಲಿ ಮನೆ ಬಾಡಿಗೆ ಪೂರ್ತಿ ಕಟ್ಟೋಕಾಗಿ, ಜೊತೆಗೆ ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿದ್ದರೆ ಆಗ ರಾಜೀನಾಮೆಯ ಮಾತು. ಅಲ್ಲಿಯ ತನಕ ಬಯೋಮೆಟ್ರಿಕ್‌ಗೆ ಬೆರಳು ಒತ್ತುತ್ತಾ ಇರಿ. ಅದರಲ್ಲಿ ಅವಮಾನ ಏನಿಲ್ಲ, ತೇಜಸ್ವಿಯವರೂ ಕಾಫಿ ಬೆಳೆದರು.

ದುಡ್ಡು ಬಂದರೆ ಬರಹ ಕೆಡುತ್ತೆ ಅನ್ನೋದು ಸೇವೆಯವರ ಕೊನೆಯ ಅಸ್ತ್ರ. ಯಾರ ದುಡ್ಡು ಅನ್ನೋದರ ಮೇಲಿದೆ ಅದು. ಲೇಔಟಿನವರೊಬ್ಬರೇ 40 ಸಾವಿರ ಕೊಟ್ಟರೆ ಕೆಡುತ್ತೆ. 800 ಜನ ಐವತ್ತೈವತ್ತು ಕೊಟ್ಟರೆ ಅವರಲ್ಲಿ ಯಾರಿಗೂ ನಿಮ್ಮ ಪೆನ್ನು ಹಿಡಿಯುವಷ್ಟು ಬಲ ಇರಲ್ಲ. ಸಿಟ್ಟು ಬಂದ ಇಪ್ಪತ್ತು ಜನ ಬಿಟ್ಟು ಹೋದರೂ ಉಳಿದ 780 ಜನರ ದುಡ್ಡಿನಲ್ಲಿ ಮುಂದಿನ ಗುರುವಾರದ ಬರಹ ಬರುತ್ತೆ. ಓದುಗರ ಮೆಚ್ಚುಗೆಗೆ ಜೋತುಬೀಳುವ ಅಪಾಯ ಇದೆ, ಅದನ್ನು ಅಲ್ಲಗಳೆಯಲ್ಲ. ಆದರೆ ಅದು ಲೈಕ್‌ಗೋಸ್ಕರ ಬರೆಯುವ ಈಗಲೂ ಇದೆ. ಈಗ ಮೆಚ್ಚಿಸಿದರೂ ಹೊಟ್ಟೆ ತುಂಬಲ್ಲ, ಅಷ್ಟೇ ವ್ಯತ್ಯಾಸ.

ಇಷ್ಟು ಹೊತ್ತು ಬರೆಯುವವರಿಗೆ ಹೇಳಿದೆ. ಇನ್ನು ನೀವು, ಓದುವವರು. ನನ್ನ ಓದುಗರು ಯಾರು ಅಂತ ನನಗೆ ಗೊತ್ತು. ಮೆಟ್ರೋದಲ್ಲಿ ನಿಂತುಕೊಂಡು, ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿಕೊಂಡು ಕನ್ನಡ ಓದುವವರು. ನೀವು ಓಟಿಟಿಗೆ ಕೊಡ್ತೀರಿ, ಹಾಡು ಕೇಳುವ ಆಪ್‌ಗೆ ಕೊಡ್ತೀರಿ, ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ತಂದುಕೊಟ್ಟವರಿಗೆ ಡೆಲಿವರಿ ಚಾರ್ಜು ಕೊಡ್ತೀರಿ. ನವೆಂಬರ್ ಒಂದಕ್ಕೆ ಡಿಪಿ ಬದಲಾಯಿಸ್ತೀರಿ. ಮೊದಲು ಐವತ್ತು ರೂಪಾಯಿ ಕಳಿಸಬೇಕಂದರೆ ಮನಿಯಾರ್ಡರ್ ಬರೆಯಬೇಕಿತ್ತು. 2016ರಿಂದ ಯುಪಿಐ ಇದೆ, ಪ್ರತಿ ತಿಂಗಳು ತಾನಾಗಿಯೇ ಹೋಗುವ ಹಾಗೆ ಮಾಡುವ ಆಟೋಪೇ 2020ರಿಂದ ಇದೆ. ನೆಪ ಉಳಿದಿಲ್ಲ.

ನೀವು ತಪ್ಪದೆ ಓದುವ ಒಬ್ಬ ಕನ್ನಡ ಬರಹಗಾರರನ್ನು ಆರಿಸಿಕೊಳ್ಳಿ. ನಾನು ಬೇಡ, ನನಗೆ ಸಂಬಳ ಇದೆ. ಸಂಬಳ ಇಲ್ಲದೆ ಬರೆಯುತ್ತಿರುವ ಒಬ್ಬರನ್ನು ಹುಡುಕಿ, ನಿಮ್ಮ ರೇಟು ಎಷ್ಟು ಅಂತ ಕೇಳಿ. ಅವರು ನಾಚಿಕೊಂಡು ‘ಅಯ್ಯೋ, ಇದು ಸೇವೆ’ ಅಂದರೆ ಇನ್ನೊಂದು ಸಲ ಕೇಳಿ. ಮೈಕ್ ಸೆಟ್‌ನವರ ಹತ್ತಿರ ನೀವು ಹಾಗೇ ಕೇಳಿದ್ದು ಅಲ್ವಾ?